ಪೈಪು ಬಿಚ್ಚುವ ಮೊದಲು ಕ್ಯಾನು ಎಣಿಸಿ

ಪ್ರಶ್ನೆ: ನಾನು ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್ ಓದಿದವನು. ಈಗ ದಕ್ಷಿಣ ಸುಡಾನಿನ ಬೋರ್ ಪಟ್ಟಣದ ಹತ್ತಿರ ಒಂದು ಪರಿಹಾರ ಸಂಸ್ಥೆಯಲ್ಲಿ ಕೆಲಸಕ್ಕಿದ್ದೇನೆ. 60 ಕುಟುಂಬಗಳಿಗೆ ಬೇಸಿಗೆ ತರಕಾರಿಗಾಗಿ ಹನಿ ನೀರಾವರಿ ಕಲಿಸಬೇಕು. ಅರ್ಧ ಜನ ಊರಿನವರು, ಇನ್ನರ್ಧ ಜನ ಕಾದಾಟ, ನೆರೆ ಅಂತ ಊರು ಬಿಟ್ಟು ಬಂದವರು. ಮನೆಗೊಂದು 20 ಲೀಟರಿನ ಬಕೆಟ್ ಕಿಟ್ ಕೊಡುವ ಯೋಜನೆ. ಅದರಲ್ಲಿ 15 ಮೀಟರಿನ ಎರಡು ಲ್ಯಾಟರಲ್ ಪೈಪು (ಗಿಡದ ಸಾಲಿಗೆ ಎಳೆಯುವ ತೆಳು ಪೈಪು), ಗಂಟೆಗೆ 2 ಲೀಟರಿನ ಪ್ರೆಶರ್ ಕಾಂಪೆನ್ಸೇಟಿಂಗ್ ಡ್ರಿಪ್ಪರ್ (ಹನಿ ಬಿಡುವ ಸಣ್ಣ ಬಾಯಿ) ಇರುತ್ತವೆ. ತೋಟದ ಜಾಗದ ಪಕ್ಕದಲ್ಲೇ ಒಂದು ಕೈಪಂಪು ಇದೆ, ನದಿ 400 ಮೀಟರ್ ದೂರ. ತರಬೇತಿಗೆ ಮೂರು ದಿನ ಸಿಕ್ಕಿದೆ. ಹಿಂದೆ ಯಾರೋ ಹಂಚಿದ್ದ ಡ್ರಿಪ್ ಪೈಪಿನಲ್ಲಿ ಜನ ಈಗ ಮೇಕೆ ಕಟ್ಟಿದ್ದಾರೆ. ‘ಇವರು ದನ ಕಾಯುವವರು, ಇವರಿಗೆ ಬೇಸಾಯ ಹತ್ತುವುದಿಲ್ಲ’ ಅಂತ ಸಹೋದ್ಯೋಗಿಗಳು ಹೇಳುತ್ತಾರೆ. ಇದು ನಿಜವೇ? ನಾನು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಉಳಿದ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬೋರ್ ಎಂದರೆ ಕೊಳವೆಬಾವಿಯಲ್ಲ. ಅದು ಬಿಳಿ ನೈಲ್ ನದಿಯ ಪೂರ್ವ ದಂಡೆಯ ಮೇಲಿರುವ ಊರು, ಜೊಂಗ್ಲೈ ರಾಜ್ಯದ ರಾಜಧಾನಿ.

ಕಿಟ್ ಬರುವುದು ಖಚಿತ, ತರಬೇತಿಯ ದಿನವೂ ನಿಗದಿಯಾಗಿದೆ. ಆದರೆ ಮೇಕೆ ಕಟ್ಟಿದ ಪೈಪು ದಿನಾ ಕಣ್ಣಿಗೆ ಬೀಳುತ್ತಿದೆ, ನೀವು ಹಂಚುವ ಪೈಪಿಗೂ ಅದೇ ಗತಿಯೇ ಎಂಬುದು ನಿಮ್ಮ ಚಿಂತೆ. ಯೋಜನೆಯನ್ನು ಈಗಿರುವಂತೆಯೇ ನಡೆಸಿದರೆ ಬಹುಮಟ್ಟಿಗೆ ಅದೇ ಗತಿ. ಅದಕ್ಕೆ ಅಲ್ಲಿನ ಜನರನ್ನು ದೂರಿ ಪ್ರಯೋಜನವಿಲ್ಲ. ನಿಮ್ಮ ಪತ್ರದಲ್ಲೇ ಮೂರು ಕಾರಣ ಕಾಣಿಸುತ್ತಿವೆ: ಡ್ರಿಪ್ಪರ್, 400 ಮೀಟರ್, ಕೈಪಂಪು.

ದನ ಕಾಯುವವರೆಂಬ ಮಾತನ್ನು ಮೊದಲು ಮುಗಿಸೋಣ. ಬೋರ್ ಸೀಮೆಯ ಡಿಂಕಾ ಜನರಿಗೆ ದನವೇ ಆಸ್ತಿ, ಮದುವೆಯೂ ದನದ ಲೆಕ್ಕದಲ್ಲೇ ಕುದುರುವುದು. ಆದರೆ ಮಳೆಗಾಲದಲ್ಲಿ ಜೋಳ, ಶೇಂಗಾ, ಎಳ್ಳು ಬೆಳೆಯುವವರೂ ಅವರೇ. ಜೋಳದ ಹೊಲ ನೋಡಿಕೊಂಡವರಿಗೆ ಬದನೆ, ಬೆಂಡೆ ಹತ್ತುವುದಿಲ್ಲ ಎಂದರೆ ರಾಯಚೂರಿನವರಾದ ನೀವೇ ಒಪ್ಪಲಾರಿರಿ. ಅವರಿಗೆ ಹೊಸದಾಗಿರುವುದು ಬೇಸಿಗೆಯ ಬೇಸಾಯ ಮಾತ್ರ. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆಯಿಲ್ಲದ ತಿಂಗಳುಗಳಲ್ಲಿ ದನಗಳು ನದಿ ಬಯಲಿನ ಹುಲ್ಲುಗಾವಲಿಗೆ ಹೋಗುತ್ತವೆ. ಅದನ್ನು ಅವರು ‘ತೊಯಿಚ್’ ಎನ್ನುತ್ತಾರೆ. ದನದ ಜೊತೆ ಗಟ್ಟಿಮುಟ್ಟಾದ ಹುಡುಗರೂ ಹೊರಡುತ್ತಾರೆ. ಊರಿನಲ್ಲಿ ಉಳಿಯುವವರು ಹೆಂಗಸರು, ಮುದುಕರು, ಮಕ್ಕಳು. ನಿಮ್ಮ ಡ್ರಿಪ್ಪಿಗೆ ನೀರು ಹೊರುವವರು ಇವರೇ. ಆದ್ದರಿಂದ ವಿನ್ಯಾಸವೂ ಇವರ ತೋಳಿಗೆ, ಇವರ ಹೊತ್ತಿಗೆ ಹೊಂದಬೇಕು.

ಮೇಕೆ ಕಟ್ಟಿದವರನ್ನೂ ದಡ್ಡರೆನ್ನಬೇಡಿ. ನೀರು ಬಾರದ ಪೈಪು ಹಗ್ಗವಾಗುವುದು ಸಹಜ. ಜಿಂಬಾಬ್ವೆಯಲ್ಲಿ 2000ದ ದಶಕದಲ್ಲಿ ಪರಿಹಾರ ಯೋಜನೆಗಳು ಇಂಥ ಕಿಟ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಹಂಚಿದವು. ಆಮೇಲೆ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್‌ನ ಸಂಶೋಧಕರು ಹೋಗಿ ನೋಡಿದಾಗ ವರ್ಷ ಕಳೆದಂತೆ ಬಳಕೆ ಇಳಿದು, ಹಲವು ಕಿಟ್‌ಗಳು ಮೂಲೆ ಸೇರಿದ್ದವು. ನೀರಿನ ಮೂಲ ದೂರ, ಬಿಡಿಭಾಗ ಸಿಗದು, ಒಮ್ಮೆ ಕಲಿಸಿ ಹೋದವರು ಮತ್ತೆ ಬಾರರು ಎಂಬ ದೂರುಗಳು ಎಲ್ಲ ಕಡೆಯೂ ಒಂದೇ.

ಡ್ರಿಪ್ಪರ್ ತಪ್ಪಾಗಿದೆ

ಆರ್ಡರ್ ಇನ್ನೂ ಹೋಗಿಲ್ಲದಿದ್ದರೆ ಇವತ್ತೇ ನಿಲ್ಲಿಸಿ. ಪ್ರೆಶರ್ ಕಾಂಪೆನ್ಸೇಟಿಂಗ್ ಡ್ರಿಪ್ಪರಿನ ಒಳಗೆ ಒಂದು ರಬ್ಬರ್ ಪದರ ಇರುತ್ತದೆ. ಒತ್ತಡ ಏರಿಳಿದರೂ ಹನಿ ಒಂದೇ ಸಮ ಬೀಳುವಂತೆ ನೋಡಿಕೊಳ್ಳುವುದು ಅದೇ. ಆ ಪದರ ಸರಿಯಾಗಿ ಕೆಲಸ ಮಾಡಲು ಸಾಮಾನ್ಯವಾಗಿ ಅರ್ಧದಿಂದ ಒಂದು ಬಾರ್ ಒತ್ತಡ ಬೇಕು, ಅಂದರೆ 5ರಿಂದ 10 ಮೀಟರ್ ಎತ್ತರದ ಟ್ಯಾಂಕು. ಒಂದು ಮೀಟರ್ ಎತ್ತರದಲ್ಲಿಟ್ಟ ಬಕೆಟ್ ಕೊಡುವುದು 0.1 ಬಾರ್. ಅಷ್ಟಕ್ಕೆ ಕೆಲವು ಡ್ರಿಪ್ಪರ್ ಅಡ್ಡಾದಿಡ್ಡಿ ಸುರಿಯುತ್ತವೆ. ಪಂಪು ನಿಂತಾಗ ನೀರು ಸೋರದಂತೆ ತಡೆಯುವ ಜಾತಿಯವು ಬಾಯಿಯನ್ನೇ ತೆರೆಯುವುದಿಲ್ಲ. ನಮ್ಮ ಕಡೆ ಮೋಟಾರು ಹಾಕಿದ ದಾಳಿಂಬೆ ತೋಟಕ್ಕೆ ಅದು ಒಳ್ಳೆಯ ಮಾಲು, ಬಕೆಟ್ಟಿಗಲ್ಲ.

ಬೇಕಿರುವುದು ಸಾದಾ ಡ್ರಿಪ್ಪರ್. ಇಲ್ಲವೇ ಇನ್ನೂ ಒಳ್ಳೆಯದು ಮೈಕ್ರೋಟ್ಯೂಬ್, ಅಂದರೆ ಒಳಗೆ 1.2 ಮಿಲಿಮೀಟರ್ ತೂತಿರುವ ತೆಳು ನಳಿಕೆ. ಸಾದಾ ಡ್ರಿಪ್ಪರಿನಲ್ಲಿ ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ. ಒಂದು ಬಾರ್ ಒತ್ತಡಕ್ಕೆ ಗಂಟೆಗೆ 2 ಲೀಟರ್ ಎಂದು ಬರೆದಿರುವುದು ನಿಮ್ಮ ಬಕೆಟ್ಟಿನಡಿ ಸುಮಾರು 0.63 ಲೀಟರ್ ಕೊಡುತ್ತದೆ. 30 ಸೆಂಟಿಮೀಟರಿಗೊಂದರಂತೆ ಎರಡು ಲೈನಿನಲ್ಲಿ 100 ಡ್ರಿಪ್ಪರ್ ಇದ್ದರೆ ಗಂಟೆಗೆ 63 ಲೀಟರ್ ಆಯಿತು, ಒಂದು ಬಕೆಟ್ ಸುಮಾರು 20 ನಿಮಿಷದಲ್ಲಿ ಖಾಲಿ. ಈ 20 ನಿಮಿಷವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಕೆಟ್ಟನ್ನು ಎರಡು ಮೀಟರಿಗೆ ಏರಿಸಿದರೆ ಆಗದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಎತ್ತರ ಇಮ್ಮಡಿಯಾದರೆ ಹರಿವು ಹೆಚ್ಚುವುದು 1.4 ಪಟ್ಟು ಮಾತ್ರ. ಅಷ್ಟಕ್ಕೆ 20 ಕಿಲೋ ತೂಕದ ಕ್ಯಾನನ್ನು ತಲೆಗಿಂತ ಮೇಲೆತ್ತಿ ಸುರಿಯಬೇಕು. ಡಿಂಕಾ ಜನ ಜಗತ್ತಿನ ಅತಿ ಎತ್ತರದವರಲ್ಲಿ ಸೇರಿದವರು ನಿಜ, ಆದರೂ ಬಸುರಿ, ಬಾಣಂತಿಯರ ಬೆನ್ನು ಎಲ್ಲ ಊರಲ್ಲೂ ಒಂದೇ. ಒಂದು ಮೀಟರ್ ಸಾಕು.

ಕ್ಯಾನಿನ ಲೆಕ್ಕ

ಡ್ರಿಪ್ ಹಾಕಿದರೆ ಗಿಡ ಕಡಿಮೆ ನೀರು ಕುಡಿಯುತ್ತದೆ ಎಂಬ ನಂಬಿಕೆ ನಮ್ಮಲ್ಲೂ ಇದೆ, ಅಲ್ಲೂ ಇದೆ. ಗಿಡ ಕುಡಿಯುವುದು ಕುಡಿಯುವಷ್ಟೇ. ಡ್ರಿಪ್ ಉಳಿಸುವುದು ಬರಿ ನೆಲದಿಂದ ಆವಿಯಾಗುವ, ಮಡಿಯಾಚೆ ಹರಿದುಹೋಗುವ ನೀರನ್ನು. ಹಾಗಾಗಿ ಗಿಡ ಚಿಕ್ಕದಿರುವ ಮೊದಲ ತಿಂಗಳು ಉಳಿತಾಯ ಚೆನ್ನಾಗಿ ಕಾಣುತ್ತದೆ. ಎಲೆ ಮಡಿ ಮುಚ್ಚಿದ ಮೇಲೆ ಅಷ್ಟು ಕಾಣುವುದಿಲ್ಲ.

ಬೋರ್ ಸೀಮೆಯ ಬೇಸಿಗೆಯಲ್ಲಿ ಬೆಳೆಗೆ ದಿನಕ್ಕೆ 6 ಮಿಲಿಮೀಟರ್ ನೀರು ಎಂದು ಹಿಡಿಯಿರಿ. ಒಂದು ಚದರ ಮೀಟರಿಗೆ 1 ಮಿಲಿಮೀಟರ್ ಎಂದರೆ 1 ಲೀಟರ್. ನಿಮ್ಮ ಮಡಿ 1 ಮೀಟರ್ ಅಗಲ, 15 ಮೀಟರ್ ಉದ್ದ. ಬೆಳೆ ತುಂಬಿದಾಗ 90 ಲೀಟರ್ ಬೇಕು, ಅಲ್ಲಿ ಇಲ್ಲಿ ಪೋಲಾಗುವುದು ಸೇರಿ 100. ಅಂದರೆ ದಿನಕ್ಕೆ 20 ಲೀಟರಿನ ಐದು ಕ್ಯಾನು. ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್ ಸಾಕು ಎನ್ನುವ ಮಾತು ನಾಟಿಯ ಮೊದಲ ಮೂರು ವಾರಕ್ಕೆ ಸರಿ. ಹೂ ಕಟ್ಟುವ ಹೊತ್ತಿಗೆ ಮೂರು ನಾಲ್ಕು ಕ್ಯಾನಾಗುತ್ತದೆ, ಕಾಯಿ ತುಂಬುವಾಗ ಐದು. ಎರಡಕ್ಕೇ ನಿಲ್ಲಿಸಿದ ಮಡಿಯಲ್ಲಿ ಟೊಮೆಟೊ ಹೂ ಉದುರುತ್ತದೆ, ಬೆಂಡೆ ನಾರಾಗುತ್ತದೆ. ಜನ ಆಗ ಡ್ರಿಪ್ಪನ್ನೇ ಬೈಯುತ್ತಾರೆ.

ಈಗ ದೂರ ಸೇರಿಸಿ. ನದಿ 400 ಮೀಟರ್ ಎಂದರೆ ಒಂದು ಕ್ಯಾನಿಗೆ ಹೋಗಿ ಬರುವ ನಡಿಗೆ 800 ಮೀಟರ್. ಐದು ಕ್ಯಾನಿಗೆ 4 ಕಿಲೋಮೀಟರ್, ಅದರಲ್ಲಿ ಅರ್ಧ ದಾರಿ 20 ಕಿಲೋ ತಲೆಯ ಮೇಲೆ. ಮನೆಯ ನೀರು, ಸೌದೆ, ಮಕ್ಕಳ ಕೆಲಸ ಬೇರೆ. ಮೇಲಾಗಿ ಬಕೆಟ್ 20 ನಿಮಿಷಕ್ಕೆ ಖಾಲಿಯಾಗುವುದರಿಂದ ತುಂಬಿಸಲು ಯಾರಾದರೂ ಪಕ್ಕದಲ್ಲೇ ಇರಬೇಕು. ಇಷ್ಟು ಮಾಡಿ ಸಿಗುವುದು 15 ಚದರ ಮೀಟರಿನ ಬೆಂಡೆಕಾಯಿ. ಯಾವ ಹೆಂಗಸೂ ಈ ಲೆಕ್ಕ ಕಾಗದದಲ್ಲಿ ಮಾಡುವುದಿಲ್ಲ, ಹತ್ತನೇ ದಿನಕ್ಕೆ ಕಾಲೇ ಮಾಡಿ ಹೇಳುತ್ತದೆ. ನೀರಿನಿಂದ ತೋಟಕ್ಕೆ 50 ಮೀಟರ್ ಇದ್ದರೆ ಹೊರುವ ಡ್ರಿಪ್ ನಡೆಯುತ್ತದೆ. 100 ದಾಟಿದರೆ ಬೇಡವೆಂದೇ ನನ್ನ ಸಲಹೆ.

ಕೈಪಂಪು ಮುಟ್ಟಬೇಡಿ

ಹಾಗಾದರೆ ಪಕ್ಕದಲ್ಲೇ ಕೈಪಂಪಿದೆಯಲ್ಲ ಎನ್ನುತ್ತೀರಿ. ಬಹುಶಃ ಅದು ಇಂಡಿಯಾ ಮಾರ್ಕ್ 2, ನಮ್ಮ ಹಳ್ಳಿಗಳಲ್ಲಿ ಕಿರುಗುಟ್ಟುತ್ತಿದ್ದ ಅದೇ ಬೋರಿಂಗ್ ಪಂಪು. ಸೊಲ್ಲಾಪುರದ ಕಡೆಯ ಪಂಪಿನ ಮಾದರಿ ಹಿಡಿದು 1970ರ ದಶಕದಲ್ಲಿ ಯುನಿಸೆಫ್ ಜೊತೆಗೂಡಿ ರೂಪಿಸಿದ್ದು ಈಗ ದಕ್ಷಿಣ ಸುಡಾನಿನ ಊರೂರಲ್ಲಿದೆ. ಸರಿಯಾಗಿ ಒತ್ತಿದರೆ ಗಂಟೆಗೆ ಹೆಚ್ಚುಕಡಿಮೆ 800 ಲೀಟರ್ ಬರುತ್ತದೆ. ಪರಿಹಾರ ಕೆಲಸದ ಸ್ಫಿಯರ್ ಮಾನದಂಡದಲ್ಲಿ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್, ಒಂದು ಕೈಪಂಪಿಗೆ 500 ಜನ. 7,500 ಲೀಟರಾಯಿತು, ಅಂದರೆ ಒಂಬತ್ತು ಗಂಟೆಗೂ ಹೆಚ್ಚು ಹೊತ್ತು ಬಿಡುವಿಲ್ಲದೆ ಒತ್ತಬೇಕು. ನಿಮ್ಮ 60 ಮಡಿಗೆ ಇನ್ನೂ 6,000 ಲೀಟರ್ ಬೇಕು. ಹಗಲಿನಲ್ಲಿ ಅಷ್ಟು ಹೊತ್ತೇ ಇಲ್ಲ.

ಲೆಕ್ಕಕ್ಕಿಂತ ಕೆಟ್ಟದ್ದು ಸರದಿ ಸಾಲು. ಅರ್ಧ ಜನ ಊರಿನವರು, ಅರ್ಧ ಜನ ಬಂದವರು ಎಂದಿದ್ದೀರಿ. ಕುಡಿಯುವ ನೀರಿಗೆ ನಿಂತವರ ಮುಂದೆ ಬಂದವರೊಬ್ಬರು ಬದನೆಗಿಡಕ್ಕೆಂದು ಐದು ಕ್ಯಾನು ತುಂಬಿಸಿದರೆ ಸಂಜೆಯೊಳಗೆ ಜಗಳ ಹೊತ್ತುತ್ತದೆ. 2013ರ ಡಿಸೆಂಬರಿನಲ್ಲಿ ಯುದ್ಧ ಶುರುವಾದಾಗ ಕೆಲವೇ ವಾರಗಳಲ್ಲಿ ಬೋರ್ ಪಟ್ಟಣ ಹಲವು ಸಲ ಕೈಬದಲಾಯಿತು, ಸಾವಿರಾರು ಜನ ನದಿ ದಾಟಿ ಮಿಂಗ್‌ಕಮನ್ ಕಡೆ ಓಡಿದರು. 2018ರ ಶಾಂತಿ ಒಪ್ಪಂದದ ಮೇಲೂ ಕಾದಾಟ ನಿಂತಿಲ್ಲ, 2020ರಲ್ಲಿ ನೆರೆ ಬಂದು ಮತ್ತೆ ಜನ ಊರು ಬಿಟ್ಟರು. ಇಂಥ ಕಡೆ ನೀರಿನ ಜಗಳ ನೀರಿನದಾಗಿ ಉಳಿಯುವುದಿಲ್ಲ. ಕೈಪಂಪಿನ ಕಟ್ಟೆಯಿಂದ ಹರಿದುಹೋಗುವ ಬಚ್ಚಲ ನೀರನ್ನು ಬೇಕಾದರೆ ಒಂದು ಗುಂಡಿಗೆ ತಿರುಗಿಸಿ ನಾಲ್ಕು ಬಾಳೆ, ಪಪ್ಪಾಯಿ ಹಾಕಿಸಿ. ಅದಕ್ಕೆ ಯಾರ ತಕರಾರೂ ಇರದು.

ತೋಟ ನದಿಯ ಹತ್ತಿರ ಹೋಗಲಿ, ಆದರೆ ಕೇಳಿಕೊಂಡು

ಉಳಿದ ದಾರಿ ಒಂದೇ, ತೋಟವನ್ನು ನೀರಿನ ಬಳಿಗೆ ಒಯ್ಯುವುದು. ಇಲ್ಲಿ ಎರಡು ಎಚ್ಚರ ಬೇಕು. ನವೆಂಬರಿನಲ್ಲಿ ನೀರಿನ ಅಂಚು ನೋಡಿ ಜಾಗ ಗುರುತು ಹಾಕಿದರೆ ಫೆಬ್ರವರಿಗೆ ಬಯಲಿನ ನೀರು ಹಿಂದೆ ಸರಿದು 50 ಮೀಟರ್ 200 ಆಗಿರುತ್ತದೆ. ಬೇಸಿಗೆಯ ಕೊನೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೆಂದು ಮೀನು ಹಿಡಿಯುವವರನ್ನು ಕೇಳಿ. ಮೊಸಳೆ ಎಲ್ಲಿ ಬಿಸಿಲು ಕಾಯುತ್ತದೆಂದೂ ಅವರಿಗೇ ಗೊತ್ತು.

ಎರಡನೆಯದು ದನದ ದಾರಿ. ನಿಮಗೆ ಖಾಲಿ ಕಾಣುವ ನದಿ ದಂಡೆ ದನಗಾಹಿಗೆ ಖಾಲಿಯಲ್ಲ, ನೀರಿಗಿಳಿಯುವ ಜಾಡು ಅದು. ಆ ಜಾಡಿಗೆ ಅಡ್ಡಲಾಗಿ ಮುಳ್ಳುಬೇಲಿ ಹಾಕಿದರೆ ಜನವರಿಯಲ್ಲಿ ಸಾವಿರ ದನ ಬಂದಾಗ ಬೇಲಿ ನಿಲ್ಲುವುದಿಲ್ಲ, ಅದರ ಹಿಂದೆ ಕೋವಿಯೂ ಬರಬಹುದು. ಬೋಮಾ ಮತ್ತು ಪಾಯಂ (ನಮ್ಮ ಗ್ರಾಮ, ಹೋಬಳಿಯಂಥ ಆಡಳಿತ ಘಟಕ) ಮಟ್ಟದ ಮುಖ್ಯಸ್ಥರು, ದನದ ಶಿಬಿರದ ಹಿರಿಯ, ಹೆಂಗಸರ ಗುಂಪಿನವರು, ಬಂದವರ ಪ್ರತಿನಿಧಿ ಎಲ್ಲರನ್ನೂ ಆ ಜಾಗದಲ್ಲೇ ನಿಲ್ಲಿಸಿ, ದನಕ್ಕೆ ಅಗಲವಾದ ಓಣಿ ಬಿಟ್ಟು ಗೂಟ ಹೊಡೆಸಿ. ಗೂಟ ಹೊಡೆಯುವ ಮೊದಲು ಆ ನೆಲದಲ್ಲಿ ನೆಲಬಾಂಬ್, ಸಿಡಿಯದ ಮದ್ದುಗುಂಡು ಇಲ್ಲವೆಂದು ಅದನ್ನು ನೋಡಿಕೊಳ್ಳುವ ಇಲಾಖೆಯಿಂದ ಖಚಿತ ಮಾಡಿಕೊಳ್ಳಿ. ಬಂದವರಿಗೆ ಆ ಜಮೀನು ಎಷ್ಟು ಹಂಗಾಮಿಗೆ ಎಂಬುದೂ ಸಾಕ್ಷಿಗಳ ಎದುರೇ ತೀರ್ಮಾನವಾಗಲಿ. ಗೊಬ್ಬರ ಹಾಕಿ ಹದ ಮಾಡಿದ ನೆಲವನ್ನು ಮರುವರ್ಷ ಬಿಟ್ಟುಕೊಡಿ ಎಂದರೆ ಮುಂದೆ ಯಾರೂ ಗೊಬ್ಬರ ಹಾಕುವುದಿಲ್ಲ.

ನಿಮ್ಮ ಮುಂದಿರುವ ದಾರಿಗಳು

ಬಕೆಟ್ ಕಿಟ್ಟನ್ನು 60 ಮನೆಗೂ ಹಂಚುವ ಬದಲು ನೀರಿಗೆ ತೀರ ಹತ್ತಿರವಿರುವ, ತಾವಾಗಿ ಬೇಕೆಂದ 15-20 ಮನೆಗೆ ಕೊಡುವುದು ಒಂದು ದಾರಿ. ಓಡುವ ಹೊತ್ತು ಬಂದರೆ ಸುರುಳಿ ಸುತ್ತಿ ಬಕೆಟ್ಟಿಗೆ ತುಂಬಿ ಎತ್ತಿಕೊಂಡು ಹೋಗಬಹುದು, ಅದೇ ಇದರ ದೊಡ್ಡ ಗುಣ. ಒಂದು ಕಿವಿಮಾತು: ಮುಚ್ಚಳವಿರುವ 20 ಲೀಟರಿನ ಬಕೆಟ್ ಆ ಮನೆಗಳಲ್ಲಿ ಅತಿ ಬೆಲೆಯ ಸಾಮಾನು, ಎರಡೇ ದಿನಕ್ಕೆ ಕುಡಿಯುವ ನೀರಿಗೆ ಮನೆ ಸೇರುತ್ತದೆ. ಅದು ಕಳ್ಳತನವಲ್ಲ, ಅಗತ್ಯ. ಮನೆಗೊಂದು ಬೇರೆ ಬಕೆಟ್ ಕೊಟ್ಟು, ತೋಟದ್ದಕ್ಕೆ ತಳದ ಹತ್ತಿರ ತೂತು ಕೊರೆದೇ ಕೊಡಿ.

ನನಗೆ ಹೆಚ್ಚು ಹಿಡಿಸುವುದು ಡ್ರಮ್ಮು. ನಾಲ್ಕು ಮನೆಗೆ ಎರಡು 200 ಲೀಟರಿನ ಡ್ರಮ್, ಡ್ರಮ್ಮಿಗೆ ಎರಡು ಮಡಿ, ನೀರೆತ್ತಲು ಕಾಲಲ್ಲಿ ತುಳಿಯುವ ಟ್ರೆಡಲ್ ಪಂಪು. ಆ ಪಂಪು ಗಂಟೆಗೆ 2,000 ಲೀಟರಿಗೂ ಮೇಲೆ ಎತ್ತುತ್ತದೆ, ನೀರಿನ ಮಟ್ಟದಿಂದ 6 ಮೀಟರಿಗಿಂತ ಮೇಲೆ ಇಡಬಾರದು ಅಷ್ಟೇ. ಡ್ರಮ್ ತುಂಬಿಸಿ ನಲ್ಲಿ ತಿರುಗಿಸಿ ಬೇರೆ ಕೆಲಸಕ್ಕೆ ಹೋಗಬಹುದು, 20 ನಿಮಿಷಕ್ಕೊಮ್ಮೆ ಓಡಿ ಬರುವ ಕಾಟವಿಲ್ಲ. ತೊಡಕು ಇರುವುದು ಹಂಚಿಕೆಯಲ್ಲಿ. ಪಂಪಿನ ಚರ್ಮದ ಅಥವಾ ರಬ್ಬರಿನ ಬಟ್ಟಲು ಸವೆದಾಗ ಯಾರು ತರಬೇಕು, ತುಳಿಯುವ ಸರದಿ ಯಾರದು ಎಂಬುದನ್ನು ಮೊದಲೇ ಮಾತಾಡಿಕೊಳ್ಳದ ಗುಂಪು ಮೊದಲ ರಿಪೇರಿಯಲ್ಲೇ ಒಡೆಯುತ್ತದೆ. 200 ಲೀಟರ್ ನೀರು 200 ಕಿಲೋ, ಆದ್ದರಿಂದ ಸಪೂರ ಕಂಬದ ಅಟ್ಟ ಬೇಡ. ಮಣ್ಣಿನ ದಿಬ್ಬವನ್ನು ಒದ್ದೆ ಮಾಡಿ ಮಾಡಿ ಗಟ್ಟಿಯಾಗಿ ಬಡಿದು ಅದರ ಮೇಲೆ ಕೂರಿಸಿ.

ಪೆಟ್ರೋಲ್ ಪಂಪು ಕೆಲಸ ಸುಲಭ ಮಾಡುತ್ತದೆ. ಆದರೆ ರಸ್ತೆ ಮುಚ್ಚಿದ ವಾರ ಪೆಟ್ರೋಲ್ ಸಿಗದೆ ಗಿಡ ಒಣಗುತ್ತದೆ. ಸೋಲಾರ್ ಪಂಪು ಕಾಗದದ ಮೇಲೆ ಎಲ್ಲಕ್ಕಿಂತ ಚೆಂದ. ಆದರೆ ಪ್ಯಾನಲ್ ದೂರಕ್ಕೆ ಹೊಳೆಯುತ್ತದೆ, ಬಿಚ್ಚಿ ಒಯ್ಯಲು ಸುಲಭ, ಮಾರಲು ಇನ್ನೂ ಸುಲಭ. ಕಾವಲಿರುವ ಆಸ್ಪತ್ರೆ, ಶಾಲೆಯ ಆವರಣ ಬಿಟ್ಟು ಬೇರೆಡೆ ಇಡುವ ಧೈರ್ಯ ಈಗ ಬೇಡ.

ಡ್ರಿಪ್ಪೇ ಇಲ್ಲದ ದಾರಿಯೂ ಇದೆ, ಅದನ್ನು ಕೀಳಾಗಿ ನೋಡಬೇಡಿ. ನೀರು ಹಿಂದೆ ಸರಿದ ನೆಲದ ಹಸಿಯಲ್ಲೇ ಕುಂಬಳ, ಅಲಸಂದೆ ಹಾಕುವುದು. ಮಡಿಯನ್ನು ನೆಲಕ್ಕಿಂತ ಒಂದು ಗೇಣು ತಗ್ಗಿಸಿ ಒಣಹುಲ್ಲು ಹೊದಿಸಿ ಕ್ಯಾನಿನಿಂದ ನೀರು ಹಾಕುವುದು. ಸೊಪ್ಪಿಗಂತೂ ಇದೇ ಸರಿ. ಅಲ್ಲಿ ದಿನಾ ತಿನ್ನುವ ‘ಖುದ್ರಾ’ ಎಂಬ ಸೆಣಬಿನ ಜಾತಿಯ ಸೊಪ್ಪನ್ನು, ದಂಟನ್ನು ಎರಚಿ ಬಿತ್ತುತ್ತಾರೆ. ಎರಚಿದ ಬೆಳೆಗೆ ಡ್ರಿಪ್ ಹೊಂದುವುದಿಲ್ಲ, ಎರಡು ಡ್ರಿಪ್ಪರ್ ನಡುವಿನ ಬೀಜ ಮೊಳೆಯುವುದೇ ಇಲ್ಲ. ಡ್ರಿಪ್ಪನ್ನು ಟೊಮೆಟೊ, ಬದನೆ, ಬೆಂಡೆಗೆ ಇಟ್ಟುಕೊಳ್ಳಿ.

ಕಲಿಸುವುದು ಹೇಗೆ

ಮೂರು ದಿನದ ತರಬೇತಿ ಬೇಡ. ಅದೇ ಹೊತ್ತನ್ನು ಆರು ಅರ್ಧ ದಿನ ಮಾಡಿ ಒಂದು ಬೆಳೆಯ ಉದ್ದಕ್ಕೂ ಹಂಚಿ: ಮಡಿ ಮಾಡುವ ದಿನ, ಜೋಡಿಸುವ ದಿನ, ನಾಟಿಯಾದ ಮರುವಾರ, ಹೂವಿಗೆ, ಮೊದಲ ಕೊಯ್ಲಿಗೆ, ಸುತ್ತಿಡುವ ದಿನ. ಒಂದು ಸಲಕ್ಕೆ ಹತ್ತು ಜನ ಸಾಕು. ಅದರಲ್ಲಿ ಊರಿನವರೂ ಬಂದವರೂ ಇರಲಿ. ಮಾತು ಡಿಂಕಾದಲ್ಲಾಗಲಿ, ಬೇರೆ ನುಡಿಯವರಿದ್ದರೆ ಜುಬಾ ಅರೇಬಿಕ್. ಚಾರ್ಟು, ಪುಸ್ತಿಕೆ ಏನೂ ಬೇಡ.

ಕಲಿಸಬೇಕಾದ ಮೊದಲ ವಿಷಯ ಜೋಡಣೆಯಲ್ಲ, ನಂಬಿಕೆ. ಹನಿ ಬಿದ್ದ ಮಡಿಯ ಮೇಲ್ಮೈ ಒಣಗಿದಂತೆಯೇ ಕಾಣುತ್ತದೆ, ನಡುನಡುವೆ ಅಂಗೈ ಅಗಲದ ಕಪ್ಪು ಮಚ್ಚೆ ಮಾತ್ರ. ನೋಡಿದವರು ಗಿಡ ಬಾಯಾರಿದೆ ಎಂದುಕೊಂಡು ಮೇಲಿಂದ ಇನ್ನೆರಡು ಕ್ಯಾನು ಸುರಿಯುತ್ತಾರೆ, ಅಲ್ಲಿಗೆ ಡ್ರಿಪ್ಪಿನ ಅರ್ಥವೇ ಹೋಯಿತು. ಮಾತಿನಲ್ಲಿ ಹೇಳಿದರೆ ಯಾರೂ ನಂಬರು. ಐದು ಬಕೆಟ್ ಹರಿಸಿದ ಮೇಲೆ ಒಂದು ಡ್ರಿಪ್ಪರಿನ ಪಕ್ಕದಲ್ಲೇ ಸಲಿಕೆಯಿಂದ ನೇರವಾಗಿ ಮಣ್ಣು ಸೀಳಿಸಿ. ಮೇಲೆ ಚಿಕ್ಕ ಮಚ್ಚೆ, ಕೆಳಗೆ ಈರುಳ್ಳಿ ಗಡ್ಡೆಯಂತೆ ಉಬ್ಬಿದ ಹಸಿ. ಅದರೊಳಗೆ ಕೈಹಾಕಿ ಮಣ್ಣು ಉಂಡೆ ಕಟ್ಟಿ ನೋಡಲಿ. ಉಂಡೆ ನಿಂತರೆ ನೀರು ಸಾಕು, ಪುಡಿಯಾದರೆ ಇನ್ನೊಂದು ಬಕೆಟ್, ಬೆರಳ ಸಂದಿಯಿಂದ ಜಿಗುಟಾಗಿ ಜಾರಿದರೆ ನಾಳೆ ಒಂದು ಕಡಿಮೆ. ಇದೊಂದೇ ಪರೀಕ್ಷೆ ಉಳಿದರೂ ನಿಮ್ಮ ತರಬೇತಿ ಸಾರ್ಥಕ.

ಪಕ್ಕದಲ್ಲಿ ಅಷ್ಟೇ ಅಳತೆಯ ಇನ್ನೊಂದು ಮಡಿಗೆ ಅವರದೇ ರೀತಿಯಲ್ಲಿ ನೀರು ಹಾಕಲಿ. ಒಂದು ಕ್ಯಾನಿಗೆ ಒಂದು ಕಲ್ಲಿನಂತೆ ಎರಡು ಮಡಿಯ ತಲೆಯಲ್ಲೂ ಗುಡ್ಡೆ ಬೆಳೆಯುತ್ತದೆ. ತಿಂಗಳಾದ ಮೇಲೆ ಎರಡು ಗುಡ್ಡೆಯನ್ನೂ ಎರಡು ಕೊಯ್ಲನ್ನೂ ಅವರೇ ಹೋಲಿಸಿಕೊಳ್ಳುತ್ತಾರೆ. ಕ್ಯಾನಿನ ಮಡಿಯೇ ಗೆದ್ದರೆ ಒಪ್ಪಿಕೊಳ್ಳಿ, ಅಲ್ಲಿ ಡ್ರಿಪ್ ಬೇಡ ಎಂದೇ ಅರ್ಥ.

ಜೋಡಣೆಯಲ್ಲಿ ಕಷ್ಟವೇನಿಲ್ಲ. ಬಕೆಟ್ಟಿನ ತಳದಿಂದ ಎರಡು ಬೆರಳು ಮೇಲೆ ಗ್ರೊಮೆಟ್ಟಿಗೆ (ತೂತಿನಲ್ಲಿ ಕೂರುವ ರಬ್ಬರ್ ಉಂಗುರ) ತಕ್ಕ ತೂತು ಹಾಕಿ. ತೀರ ತಳದಲ್ಲಿ ಹಾಕಿದರೆ ಕೂತ ಕೆಸರು ನೇರ ಪೈಪಿಗೆ ಹೋಗುತ್ತದೆ. ಚಾಕುವಿನಿಂದ ಕೊರೆದ ತೂತು ಸೋರುತ್ತದೆ, ಕಾಯಿಸಿದ ಕಬ್ಬಿಣದ ಕೊಳವೆಯಿಂದ ಒಂದೇ ಸಲ ಒತ್ತಿದರೆ ದುಂಡಗೆ ಬರುತ್ತದೆ. ಜೋಡಿಸುವ ಕ್ರಮ ಹೀಗೆ: ಗ್ರೊಮೆಟ್, ಟೇಕ್ ಆಫ್ (ಬಕೆಟ್ಟಿನಿಂದ ನೀರು ಹೊರತರುವ ತುಂಡು), ನಲ್ಲಿ, ಫಿಲ್ಟರ್, ಟೀ (ನೀರನ್ನು ಎರಡು ಕವಲು ಮಾಡುವ ತುಂಡು), ಆಮೇಲೆ ಎರಡು ಲ್ಯಾಟರಲ್. ಪೈಪನ್ನು ಮೊದಲು ಬಿಸಿಲಿನಲ್ಲಿ ಹರಡಿ ಮೆತ್ತಗಾಗಲು ಬಿಡಿ, ತಿರುಚಿಕೊಳ್ಳದಂತೆ ಎಳೆದು ಗೂಟಕ್ಕೆ ಸಡಿಲವಾಗಿ ಕಟ್ಟಿ. ಎಂಡ್ ಕ್ಯಾಪ್ ಕಳೆದುಹೋದರೆ ತುದಿಯನ್ನು ಮಡಚಿ, ಅದೇ ಪೈಪಿನ ಬೆರಳುದ್ದದ ತುಂಡನ್ನು ಉಂಗುರದಂತೆ ತೊಡಿಸಿದರೆ ಆಯಿತು. ನೆಲ ಹೆಚ್ಚುಕಡಿಮೆ ಮಟ್ಟವಾಗಿರಲಿ. ಒಂದು ಮೀಟರಿನ ಒತ್ತಡದಲ್ಲಿ 30 ಸೆಂಟಿಮೀಟರ್ ಇಳಿಜಾರೇ ಹರಿವನ್ನು ಶೇ. 15ರಷ್ಟು ಏರುಪೇರು ಮಾಡುತ್ತದೆ.

ಆಮೇಲೆ ಚಹಾ ಲೋಟದ ಪರೀಕ್ಷೆ. ಲೈನಿನ ಮೊದಲ, ನಡುವಿನ, ಕೊನೆಯ ಡ್ರಿಪ್ಪರಿನಡಿ ಒಂದೊಂದು ಸಣ್ಣ ಲೋಟ ಇಟ್ಟು ಹತ್ತು ನಿಮಿಷ ಕಾಯಿರಿ. ಸುಮಾರು 100 ಮಿಲಿಲೀಟರ್ ಬರಬೇಕು. ಕೊನೆಯದು ಮೊದಲನೆಯದರ ಮುಕ್ಕಾಲೂ ತುಂಬದಿದ್ದರೆ ಪೈಪು ಎಲ್ಲೋ ತಿರುಚಿದೆ, ಇಲ್ಲವೇ ಕಟ್ಟಿಕೊಂಡಿದೆ. ವಾರಕ್ಕೊಮ್ಮೆ ಇದನ್ನು ಮಕ್ಕಳೇ ಮಾಡಬಹುದು.

ಮಣ್ಣು, ಕೆಸರು, ಪಾಚಿ

ಮಣ್ಣಿನ ವಿಷಯದಲ್ಲಿ ನೀವು ಪುಣ್ಯವಂತರು. ಆ ಬಯಲಿನ ಕಪ್ಪು ಜಿಗುಟು ನೆಲ ನಮ್ಮ ಎರೆ ಭೂಮಿಯ ಒಡಹುಟ್ಟು. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಹನಿ ಅದರಲ್ಲಿ ಅಡ್ಡಕ್ಕೆ ಚೆನ್ನಾಗಿ ಹರಡುತ್ತದೆ, 30 ಸೆಂಟಿಮೀಟರ್ ಅಂತರ ಧಾರಾಳವಾಯಿತು. ಆದರೆ ಬಿರಿದ ನೆಲದ ಮೇಲೆ ಡ್ರಿಪ್ ಶುರು ಮಾಡಿದರೆ ನೀರೆಲ್ಲ ಬಿರುಕಿನೊಳಗೆ ಮಾಯ. ನಾಟಿಗೆ ಮೊದಲು ಮಡಿಯನ್ನು ಕ್ಯಾನಿನಿಂದ ಪೂರ್ತಿ ನೆನೆಸಿ, ಬಿರುಕು ಮುಚ್ಚಿದ ಮೇಲೆ ಲೈನು ಎಳೆಯಿರಿ. ಎರಡು ದಿನ ನೀರು ತಪ್ಪಿಸಿ ಮೂರನೇ ದಿನ ಒಟ್ಟಿಗೆ ಬಿಡುವ ಅಭ್ಯಾಸ ಬೇಡ. ಗೊಬ್ಬರಕ್ಕೆ ಹಳೇ ದನದ ಶಿಬಿರದ ಜಾಗವಿದೆಯಲ್ಲ, ಅಲ್ಲಿಂದ ಕಳಿತ ಸಗಣಿ ಮಡಿಗೆ ನಾಲ್ಕೈದು ಬುಟ್ಟಿ ತನ್ನಿ.

ನದಿ ನೀರಿನಲ್ಲಿ ಕೆಸರೂ ಇದೆ, ಪಾಚಿಯೂ ಇದೆ. ಡ್ರಮ್ಮಿನಲ್ಲಿ ರಾತ್ರಿಯಿಡೀ ನಿಂತ ನೀರು ಅರ್ಧ ಕೆಲಸ ಮಾಡುತ್ತದೆ. ಸುರಿಯುವಾಗ ಬಾಯಿಗೆ ಮಡಚಿದ ಬಟ್ಟೆ ಕಟ್ಟಿ. ಇದನ್ನು ಅವರಿಗೆ ಹೊಸದಾಗಿ ಹೇಳಬೇಕಿಲ್ಲ. ನಾರುಹುಳು ನಿರ್ಮೂಲನಕ್ಕೆಂದು ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ಆ ದೇಶದ ಹಳ್ಳಿಗಳಲ್ಲಿ ವರ್ಷಗಟ್ಟಲೆ ಕಲಿಸಿದ್ದಾರೆ. ‘ಪೈಪಿಗೂ ಹುಳು ಹತ್ತುತ್ತದೆ’ ಎಂದರೆ ತಟ್ಟನೆ ತಿಳಿಯುತ್ತದೆ. ಬಿಳಿ ಬಕೆಟ್ಟಿನಲ್ಲಿ ಬಿಸಿಲು ಹೊಕ್ಕು ಪಾಚಿ ಬೆಳೆಯುತ್ತದೆ, ಹೊರಗಿನಿಂದ ಗೋಣಿ ಸುತ್ತಿ. ಫಿಲ್ಟರ್ ದಿನಾ ತೊಳೆಯಬೇಕು. ವಾರಕ್ಕೊಮ್ಮೆ ಒಂದೊಂದೇ ಲೈನಿನ ತುದಿ ಬಿಚ್ಚಿ ತಿಳಿನೀರು ಬರುವವರೆಗೆ ಹರಿಯಬಿಡಬೇಕು.

ಕಟ್ಟಿಕೊಂಡ ಡ್ರಿಪ್ಪರಿಗೆ ಮುಳ್ಳು ಚುಚ್ಚುವುದು ಎಲ್ಲರೂ ಮಾಡುವ ತಪ್ಪು. ತೂತು ಅಗಲವಾಗಿ ಅಲ್ಲೇ ನೀರೆಲ್ಲ ಸುರಿದು ಮುಂದಿನ ಗಿಡಗಳು ಒಣಗುತ್ತವೆ. ಬೆರಳಿನಿಂದ ತಟ್ಟಿ, ಬಾಯಿಂದ ಊದಿ, ಬಿಚ್ಚಿ ತೊಳೆಯಬಹುದಾದ ಜಾತಿಯಾದರೆ ಬಿಚ್ಚಿ ತೊಳೆಯಿರಿ. ಮೈಕ್ರೋಟ್ಯೂಬನ್ನು ಕಿತ್ತು ಊದಿದರೆ ಮುಗಿಯಿತು, ಅದಕ್ಕೇ ನಾನು ಅದರ ಪರ. ಇಲಿ ಕಡಿದ ಪೈಪಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಸುತ್ತಿದರೆ ಆ ಹಂಗಾಮು ದಾಟುತ್ತದೆ.

ಹೊತ್ತಿನ ವಿಷಯವೂ ಇದೆ. ಮುಂಜಾವಿನಲ್ಲಿ ನೀರು ಬಿಡಿ ಎಂದು ನಮ್ಮ ಪಠ್ಯದಲ್ಲಿದೆ. ಅಲ್ಲಿ ಕತ್ತಲಲ್ಲಿ ಹೆಂಗಸೊಬ್ಬಳೇ ನದಿಗೆ ಹೋಗುವುದು ಅಪಾಯ. ಡ್ರಿಪ್ಪಿನಲ್ಲಿ ಎಲೆ ನೆನೆಯುವುದಿಲ್ಲವಾದ್ದರಿಂದ ಬಿಸಿಲೇರಿದ ಮೇಲೆ ಬಿಟ್ಟರೂ ನಷ್ಟ ಅಲ್ಪ. ಎಲ್ಲರೂ ಒಟ್ಟಿಗೆ, ಹಗಲಿನಲ್ಲಿ, ಹೊತ್ತನ್ನು ಅವರೇ ಗೊತ್ತುಮಾಡಿಕೊಂಡು ಹೋಗಲಿ. ಫೋನ್ ಹಿಡಿದು ತೋಟದ ಅಳತೆ, ಫೋಟೋ ಎಂದು ನೀವು ಓಡಾಡುವುದನ್ನೂ ಮೊದಲು ಮುಖ್ಯಸ್ಥರಿಗೆ ಹೇಳಿಯೇ ಮಾಡಿ, ಅನುಮಾನ ಅಲ್ಲಿ ಬೇಗ ಹುಟ್ಟುತ್ತದೆ.

ಏಪ್ರಿಲ್ ಕೊನೆಗೆ ಮೊದಲ ದೊಡ್ಡ ಮಳೆಗೆ ಮುನ್ನ ಎಲ್ಲವನ್ನೂ ಮೇಲೆತ್ತಿ. ಎರೆ ಕೆಸರಿನಲ್ಲಿ ಹೂತ ಲ್ಯಾಟರಲ್ ಎಳೆದರೆ ತುಂಡಾಗಿಯೇ ಬರುವುದು. ತುದಿ ಬಿಚ್ಚಿ ತೊಳೆದು, ನೀರು ಬಸಿದು, ಮೊಣಕೈ ಅಳತೆಯ ಅಗಲ ಸುರುಳಿ ಸುತ್ತಿ. ಬಿಗಿಯಾಗಿ ಸುತ್ತಿದರೆ ಮಡಚಿದಲ್ಲೇ ಸೀಳುತ್ತದೆ. ಗ್ರೊಮೆಟ್, ಟೀ, ನಲ್ಲಿಗಳನ್ನು ಒಂದು ಖಾಲಿ ನೀರಿನ ಬಾಟಲಿಗೆ ಹಾಕಿ ಬಕೆಟ್ಟಿನೊಳಗಿಡಿ. ಸುರುಳಿಯನ್ನು ಗುಡಿಸಲಿನ ಸೂರಿಗೆ, ಗೋಡೆಗೆ ತಾಗದಂತೆ ಒಂದೇ ಹಗ್ಗದಲ್ಲಿ ತೂಗುಬಿಡಿ. ಇಲಿಗೂ ಗೆದ್ದಲಿಗೂ ಸಿಗಬಾರದು, ಅವಸರಕ್ಕೆ ಕೈಗೂ ಎಟುಕಬೇಕು.